ಒಳಗೆ ಸೇದುವಂತಿಲ್ಲ ಅಂದಮೇಲೆ ಹರಟೆಯೆಲ್ಲ ಬಾಗಿಲಾಚೆ ಹೋಯ್ತು, ನಿಮ್ಮಲ್ಲೂ ಹೀಗೇನಾ?

ಮೂಲೆಕುರ್ಚಿ:

ಮೊದಲೇ ಹೇಳಿಬಿಡುತ್ತೇನೆ, ನಾನು ಸೇದುವುದಿಲ್ಲ. ಸಾರ್ವಜನಿಕ ಜಾಗದಲ್ಲಿ ಸಿಗರೇಟ್ ಬೇಡ ಅನ್ನುವ ಕಾನೂನಿನ ಬಗ್ಗೆ ನನಗೆ ತಕರಾರೂ ಇಲ್ಲ. ಹಾಗಾಗಿ ದಯವಿಟ್ಟು ಯಾರೂ ಕ್ಯಾನ್ಸರ್ ಫೋಟೋ ಹಾಕಬೇಡಿ, ಸ್ವಾತಂತ್ರ್ಯದ ಭಾಷಣವನ್ನೂ ಮಾಡಬೇಡಿ.

ನನ್ನ ಸಮಸ್ಯೆ ಬೇರೆ. ಗೆಳೆಯರೆಲ್ಲ ಸೇರಿ ಎಲ್ಲಾದರೂ ಕೂತರೆ, ಮಾತು ಒಂದು ಹದಕ್ಕೆ ಬರುವ ಹೊತ್ತಿಗೆ ಸರಿಯಾಗಿ ಒಬ್ಬ ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ, ಎದುರಿನವನಿಗೆ ಹುಬ್ಬು ಹಾರಿಸುತ್ತಾನೆ, ಇಬ್ಬರು ಎದ್ದರೆ ಅವರ ಹಿಂದೆ ಇನ್ನೊಬ್ಬ, ಅಷ್ಟರಲ್ಲಿ ಅರ್ಧ ಟೇಬಲ್ ಖಾಲಿ. ಉಳಿದವರು ಏನು ಮಾಡೋದು? ಫೋನ್ ತೆಗೆಯುತ್ತೇವೆ. ಅವರು ವಾಪಸ್ ಬರುವಾಗ ಬಿದ್ದು ಬಿದ್ದು ನಗುತ್ತಾ ಬರುತ್ತಾರೆ. ಏನ್ರೋ ಅದು ಅಂದರೆ "ಏನಿಲ್ಲ ಬಿಡೋ, ಅಲ್ಲಿದ್ದಿದ್ರೆ ಮಜಾ ಬರ್ತಿತ್ತು" ಅಂತಾರೆ. ಅರ್ಧಕ್ಕೆ ನಿಂತ ಮಾತನ್ನು ಮತ್ತೆ ಎತ್ತಿಕೊಳ್ಳೋಣ ಅಂದರೆ ಅದರ ಬಿಸಿ ಆರಿಹೋಗಿರುತ್ತೆ.

ಆಫೀಸಿನಲ್ಲಂತೂ ಇದು ಇನ್ನೂ ಜಾಸ್ತಿ. ಯಾರು ಕೆಲಸ ಬಿಡ್ತಿದ್ದಾರೆ, ಯಾವ ಪ್ರಾಜೆಕ್ಟಿಗೆ ಕತ್ತರಿ ಬಿತ್ತು, ಹೊಸ ಮ್ಯಾನೇಜರ್ ಯಾರು, ಎಲ್ಲವೂ ಹಿಂದಿನ ಗೇಟಿನ ಹತ್ತಿರ ಸೇದುವವರಿಗೆ ಮೊದಲು ಗೊತ್ತಾಗುತ್ತೆ. ನಮಗೆ ಮೇಲ್ ಬರುವ ಹೊತ್ತಿಗೆ ಅವರಿಗೆ ಅದು ಹಳಸಿದ ಸುದ್ದಿ. ನಮ್ಮ ಮೇಲಿನವರೂ ಸೇದುತ್ತಾರೆ, ಅಲ್ಲಿ ನಿಂತೇ ಅರ್ಧ ತೀರ್ಮಾನ ಆಗಿಬಿಡುತ್ತೆ ಅನ್ನೋದು ನನ್ನ ಗುಮಾನಿ.

ಮೊದಲೆಲ್ಲ ಎಲ್ಲರೂ ಒಂದೇ ಹೊಗೆಯಲ್ಲಿ ಕೂತಿರುತ್ತಿದ್ದರು. ಕಣ್ಣು ಉರೀತಿತ್ತು, ಆದರೂ ಒಟ್ಟಿಗೆ ಇರುತ್ತಿದ್ದರು. ಈಗ ನನಗೆ ಒಳ್ಳೆ ಗಾಳಿ ಸಿಕ್ಕಿದೆ, ಜೊತೆಗೆ ಯಾರೂ ಇಲ್ಲ. ಇದು ನನ್ನೊಬ್ಬನ ಗೋಳಾ, ಕಾನೂನು ಬಂದ ಕಡೆಯೆಲ್ಲ ಹೀಗೇನಾ? ನೋಡಿದವರು ಹೇಳಿ.

ಟ್ರೇ_ಹಿಡಿದವನು:

ಅಣ್ಣ, ನಾನು ಬಾರಿನಲ್ಲಿ ಸಪ್ಲೈಯರ್ ಆಗಿದ್ದವನು, ನಿಷೇಧಕ್ಕೆ ಮುಂಚೆಯೂ, ಆಮೇಲೂ. ನಿಂತುಕೊಂಡು ನೋಡಿದವನ ಕಡೆಯಿಂದ ಹೇಳುತ್ತೇನೆ.

"ಎಲ್ಲರೂ ಒಟ್ಟಿಗೆ ಇರುತ್ತಿದ್ದರು" ಅಂದಿರಲ್ಲ, ಆ ಎಲ್ಲರಲ್ಲಿ ನಾನೂ ಇದ್ದೆ. ನೀವು ಒಂದೆರಡು ತಾಸು ಕೂತು ಎದ್ದು ಹೋಗುತ್ತಿದ್ದಿರಿ, ನಾನು ಬಾಗಿಲು ಹಾಕುವ ತನಕ ಅದೇ ಗಾಳಿ ಕುಡೀಬೇಕಿತ್ತು. ಮನೆಗೆ ಹೋಗಿ ಶರ್ಟ್ ಬಿಚ್ಚಿದರೆ ರೂಮೆಲ್ಲ ನಾತ. ತಲೆದಿಂಬಿಗೂ ಅದೇ ವಾಸನೆ. ಬೆಳಿಗ್ಗೆ ಎದ್ದರೆ ಗಂಟಲು ಕೆರೆತ. ನಾನು ಜೀವನದಲ್ಲಿ ಒಂದು ದಮ್ ಹೊಡೆದವನಲ್ಲ, ಆದರೂ.

ಜನ ಮರೆಯೋದು ಇದನ್ನೇ. ಐರ್ಲೆಂಡ್ 2004ರ ಮಾರ್ಚ್ 29ರಿಂದ ಇಡೀ ದೇಶದಲ್ಲಿ ಪಬ್ಬಿನೊಳಗೂ ಸೇದುವಂತಿಲ್ಲ ಅಂದಾಗ ಅದನ್ನು ತಂದಿದ್ದು ಕೆಲಸದ ಜಾಗದ ನಿಯಮ ಅಂತ. ಸೇದುವವರನ್ನು ಸುಧಾರಿಸೋಕೆ ಅಲ್ಲ. ಪಬ್ಬು ಕೂಡ ಯಾರಿಗೋ ಕೆಲಸದ ಜಾಗ ಅಲ್ವಾ? ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೂ ಮುಂಚೆ, 1998ರಲ್ಲೇ, ಬಾರುಗಳಲ್ಲಿ ನಿಲ್ಲಿಸಿದ್ದರು. ಆಗ ಸ್ಯಾನ್ ಫ್ರಾನ್ಸಿಸ್ಕೋದ 53 ಬಾರ್‌ಟೆಂಡರ್‌ಗಳನ್ನು ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ ಪರೀಕ್ಷೆ ಮಾಡಿದ್ದರು. ಕೆಮ್ಮು, ಉಬ್ಬಸ ಅಂತ ಹೇಳಿಕೊಂಡಿದ್ದ 39 ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಆಮೇಲೆ ಅದು ಇರಲೇ ಇಲ್ಲ. ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ, ನನ್ನ ಗಂಟಲೇ ಸಾಕ್ಷಿ.

ಇನ್ನು ನೀವು ಕೇಳಿದ್ದಕ್ಕೆ. ಹೌದು, ಟೇಬಲ್ ಒಡೆಯಿತು. ಶುರುವಿನಲ್ಲೇ ಗೊತ್ತಾಯ್ತು. ಗಿರಾಕಿ ಎದ್ದು ಹೋದರೆ ಸೇದೋಕೆ ಹೋದನಾ, ಬಿಲ್ ಕೊಡದೆ ಜಾಗ ಖಾಲಿ ಮಾಡಿದನಾ ಅಂತ ನಮಗೆ ಪೀಕಲಾಟ. ಹೊಸ ಹುಡುಗ ಒಬ್ಬ ಅರ್ಧ ತುಂಬಿದ ಗ್ಲಾಸುಗಳನ್ನು ಎತ್ತಿಕೊಂಡು ಹೋಗಿ ತೊಳೆಯೋಕೆ ಹಾಕಿಬಿಟ್ಟ, ಅವತ್ತು ದೊಡ್ಡ ಜಗಳ. ಆಮೇಲೆ ತಾನಾಗೇ ಒಂದು ಪದ್ಧತಿ ಬಂತು. ಗ್ಲಾಸಿನ ಬಾಯಿಗೆ ಕೋಸ್ಟರ್ ಮುಚ್ಚಿಟ್ಟು ಹೋದರೆ ವಾಪಸ್ ಬರ್ತೀನಿ ಅಂತ ಅರ್ಥ. ಯಾರೂ ಬೋರ್ಡ್ ಹಾಕಲಿಲ್ಲ, ಒಬ್ಬರನ್ನು ನೋಡಿ ಒಬ್ಬರು ಕಲಿತರು. ಹೆಣ್ಣುಮಕ್ಕಳು ಮಾತ್ರ ಗ್ಲಾಸನ್ನು ಹಾಗೆ ಬಿಟ್ಟು ಹೋಗುತ್ತಿರಲಿಲ್ಲ. ಕೌಂಟರಿಗೆ ತಂದು ಕೊಟ್ಟು "ಸ್ವಲ್ಪ ನೋಡ್ಕೊಳ್ಳಿ" ಅಂತಿದ್ದರು. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ತಮಾಷೆ. ಹೊಗೆ ಹೋದಮೇಲೆ ಅದರಡಿ ಮುಚ್ಚಿಹೋಗಿದ್ದ ವಾಸನೆಗಳೆಲ್ಲ ಎದ್ದು ಬಂದವು. ಬೆವರು, ಚೆಲ್ಲಿ ಒಣಗಿದ ಬಿಯರ್, ಟಾಯ್ಲೆಟ್ಟು. ಮಾಲೀಕರು ಬಣ್ಣ ಹೊಡೆಸೋಣ ಅಂತ ಗೋಡೆ ಒರೆಸಲು ಹೇಳಿದರು. ಒರೆಸಿದ ಬಟ್ಟೆ ಹಿಂಡಿದರೆ ಬಕೆಟ್ಟಿನಲ್ಲಿ ಗಟ್ಟಿ ಕಷಾಯದ ಬಣ್ಣದ ನೀರು. ಇದೇ ತಾನೇ ನಮ್ಮೊಳಗೂ ಹೋಗಿದ್ದು ಅಂತ ಎಲ್ಲರೂ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದೆವು.

ಬೆಂಕಿಪೊಟ್ಟಣ:

ನಾನು ಸೇದುವ ಪಾರ್ಟಿ. ಬಾಗಿಲಾಚೆ ಏನಾಗುತ್ತೆ ಅಂತ ಒಳಗಿನವರಿಗೆ ಭಾರೀ ಕುತೂಹಲ ಅಲ್ವಾ, ಹೇಳ್ತೀನಿ ಕೇಳಿ.

ಮುಕ್ಕಾಲು ಪಾಲು ಏನೂ ಆಗುವುದಿಲ್ಲ. ಮಳೆ ಬಂದರೆ ಗೋಡೆಗೆ ಅಂಟಿಕೊಂಡು, ಚಳಿಯಾದರೆ ಕೈ ಉಜ್ಜಿಕೊಂಡು ನಿಂತಿರುತ್ತೇವೆ, ಅಷ್ಟೇ. ಆದರೆ ಉಳಿದ ಕಾಲು ಪಾಲು ಇದೆಯಲ್ಲ, ಅದು ಒಳಗೆ ಸಿಗೋದಿಲ್ಲ ಅನ್ನೋದು ನಿಜ. ಗುರುತು ಪರಿಚಯ ಇಲ್ಲದವರನ್ನು ಮಾತಾಡಿಸೋಕೆ ಒಳಗಾದರೆ ಏನಾದರೂ ನೆಪ ಬೇಕು. ಇಲ್ಲಿ "ಲೈಟರ್ ಇದೆಯಾ" ಅಂದರೆ ಮುಗೀತು. ಹೆಸರು ಹೇಳಬೇಕಾಗಿಲ್ಲ, ಊರು ಕೇಳಬೇಕಾಗಿಲ್ಲ. ಮಾತು ಬೋರಾದರೆ ಸಿಗರೇಟ್ ಹೇಗೂ ಮುಗಿಯುತ್ತೆ, ಆರಿಸಿ ಒಳಗೆ ಹೋಗೋದು, ಯಾರಿಗೂ ಬೇಜಾರಿಲ್ಲ. ಚೆನ್ನಾಗಿದ್ದರೆ ಇನ್ನೊಂದು ಹಚ್ಚೋದು. ನ್ಯೂಯಾರ್ಕ್ 2003ರಲ್ಲಿ ಬಾರುಗಳಲ್ಲಿ ನಿಲ್ಲಿಸಿತು, ಮರುವರ್ಷ ಐರ್ಲೆಂಡ್. ಆಗ ಪಬ್ಬಿನ ಬಾಗಿಲಲ್ಲಿ ಸೇದೋಕೆ ನಿಂತವರ ನಡುವೆ ಕಣ್ಣು ಕಣ್ಣು ಕಲೆತ ಕಥೆಗಳನ್ನು ಪತ್ರಿಕೆಗಳು ಬರೆದಿದ್ದೇ ಬರೆದಿದ್ದು. ಸೇದದವರೂ ಸುಮ್ನೆ ಬಂದು ನಿಲ್ಲುತ್ತಿದ್ದರಂತೆ. ನಂಬುತ್ತೇನೆ, ನಾನೇ ಅಂಥವರನ್ನು ನೋಡಿದ್ದೇನೆ.

ಆಫೀಸಿನ ವಿಷಯಕ್ಕೆ ಬಂದರೆ, ಅಲ್ಲಿ ದೊಡ್ಡವರು ಚಿಕ್ಕವರು ಅನ್ನೋದು ಸ್ವಲ್ಪ ಸಡಿಲ ಆಗುತ್ತೆ. ಡೈರೆಕ್ಟರ್ ಸಾಹೇಬರೂ ಸೆಕ್ಯೂರಿಟಿಯವರೂ ಒಂದೇ ಡಬ್ಬಿಗೆ ಬೂದಿ ಕೊಡವುತ್ತಾರೆ. ತೀರ್ಮಾನ ಗೀರ್ಮಾನ ಏನೂ ಆಗಲ್ಲ ಅಂತ ನಾನು ಹೇಳಬಹುದು, ಆದರೆ ಮುಖ ಪರಿಚಯ ಆಗಿರುತ್ತೆ, ನಾಳೆ ರಜೆ ಬೇಕಾದಾಗಲೋ ಟೀಮ್ ಬದಲಿಸಬೇಕಾದಾಗಲೋ ಅದು ಕೆಲಸಕ್ಕೆ ಬರುತ್ತೆ. ಅಷ್ಟರ ಮಟ್ಟಿಗೆ ನಿಮ್ಮ ಗುಮಾನಿ ಸರಿ.

ಈಗ ನನ್ನ ತಕರಾರು. ಒಳಗೆ ಬೇಡ ಅಂದರು, ಒಪ್ಪಿದೆ. ಬಾಗಿಲಿಂದ ದೂರ ನಿಲ್ಲಿ ಅಂದರು, ನಿಂತೆ. ಈಗ ತೆರೆದ ಜಾಗಕ್ಕೂ ಬಂದಿದ್ದಾರೆ. ಫ್ರಾನ್ಸಿನಲ್ಲಿ 2025ರ ಜೂನ್ ಕೊನೆಯಿಂದ ಬೀಚು, ಪಾರ್ಕು, ಬಸ್ ಸ್ಟಾಪಿನಲ್ಲಿ ಸೇದಿದರೂ 135 ಯೂರೋ ದಂಡ. ಆದರೆ ಕೆಫೆಯ ಹೊರಗಿನ ಟೇಬಲ್ಲುಗಳಿಗೆ ವಿನಾಯಿತಿ! ಅಂದರೆ ಪಕ್ಕದವನ ತಟ್ಟೆಯ ಹತ್ತಿರ ಸೇದಬಹುದು, ಯಾರೂ ಇಲ್ಲದ ಮರಳಿನ ಮೇಲೆ ಸೇದುವಂತಿಲ್ಲ. ಇದು ಯಾವ ಸೀಮೆ ಆರೋಗ್ಯದ ಲೆಕ್ಕ?

ಜೇಬಲ್ಲಿ_ಇನ್‌ಹೇಲರ್:

ಮೂಲೆಕುರ್ಚಿಯವರೇ, ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ "ಮೊದಲೆಲ್ಲ ಎಲ್ಲರೂ" ಅನ್ನೋ ಮಾತು ಓದಿ ಮೈ ಉರಿಯಿತು. ನಾನು ಇರಲಿಲ್ಲ ರೀ. ನನಗೆ ಅಸ್ತಮಾ. ಕರೆಯುತ್ತಿದ್ದರು, ನಾನು ಏನಾದರೂ ಸಬೂಬು ಹೇಳುತ್ತಿದ್ದೆ, ಕೊನೆಗೆ ಅವರು ಕರೆಯೋದನ್ನೇ ಬಿಟ್ಟರು. ಅದರಲ್ಲಿ ಅವರದ್ದೇನೂ ತಪ್ಪಿಲ್ಲ, ಎಷ್ಟು ಸಲ ಅಂತ ಕರೀತಾರೆ? ಅಸ್ತಮಾ ಇರುವವರು, ಬಸುರಿಯರು, ಕೈಗೂಸು ಇರುವವರು, ಹಾರ್ಟ್ ಆಪರೇಷನ್ ಆದವರು, ಇವರೆಲ್ಲ ಆ ಹಳೇ ಟೇಬಲ್ಲುಗಳಲ್ಲಿ ಇರಲೇ ಇಲ್ಲ. ಬರದೇ ಇದ್ದವರನ್ನು ಯಾರೂ ಎಣಿಸಲಿಲ್ಲ. ನಿಮಗೆ ಕಾಣಿಸುತ್ತಿರೋದು ಈಗ ಎದ್ದು ಹೋಗುವ ಮೂವರು ಮಾತ್ರ.

ಕಿಟಕಿ ತೆಗೆದರೆ ಸಾಲದಾ, ಬೇರೆ ರೂಮು ಮಾಡಿದರೆ ಆಗದಾ ಅಂತ ಯಾರಾದರೂ ಬಂದೇ ಬರುತ್ತಾರೆ, ಅವರಿಗೂ ಈಗಲೇ ಹೇಳಿಬಿಡ್ತೀನಿ. ರೂಮಿನಲ್ಲಿ ತುಂಬುವ ಹೊಗೆಯಲ್ಲಿ ಹೆಚ್ಚಿನ ಪಾಲು ಸೇದಿ ಬಿಟ್ಟಿದ್ದಲ್ಲ, ಬೆರಳ ಸಂದಿಯಲ್ಲಿ ಸುಮ್ನೆ ಉರಿಯುತ್ತಿರುವ ತುದಿಯಿಂದ ಬರುವಂಥದ್ದು. ಅದು ಯಾವ ಫಿಲ್ಟರನ್ನೂ ದಾಟಿ ಬಂದಿರೋದಿಲ್ಲ. ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ, ಫ್ಯಾನು, ಬೇರೆ ಮೂಲೆ ಇವೆಲ್ಲ ಸಾಲದು ಅಂತ ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿ, 2006ರ ವರದಿಯಲ್ಲೇ ಬರೆದಿದ್ದಾರೆ. ಅರ್ಧಂಬರ್ಧ ಕಾನೂನು ಏನಾಗುತ್ತೆ ಅನ್ನೋದಕ್ಕೆ ಸ್ಪೇನ್ ನೋಡಿ. 2006ರಲ್ಲಿ ಸಣ್ಣ ಬಾರುಗಳಿಗೆ ನಿಮ್ಮಿಷ್ಟ ಅಂತ ಬಿಟ್ಟರು. ಪಕ್ಕದ ಬಾರಿಗೆ ಗಿರಾಕಿ ಹೋದರೆ ಅಂತ ಹೆದರಿ ಹೆಚ್ಚುಕಮ್ಮಿ ಎಲ್ಲರೂ ಸೇದಬಹುದು ಅಂತಲೇ ಬೋರ್ಡ್ ಹಾಕಿದರು. 2011ರಲ್ಲಿ ಪೂರ್ತಿ ನಿಲ್ಲಿಸಬೇಕಾಯ್ತು. ಎಲ್ಲರಿಗೂ ಒಂದೇ ನಿಯಮ ಅಂದಾಗ ಆ ಹೆದರಿಕೆಯೇ ಇರಲ್ಲ ನೋಡಿ.

ಸ್ಕಾಟ್ಲೆಂಡಿನಲ್ಲಿ 2006ರ ಮಾರ್ಚ್‌ನಲ್ಲಿ ಕಾನೂನು ಬಂತು. ಅದಕ್ಕೆ ಹತ್ತು ತಿಂಗಳು ಮುಂಚೆ, ಹತ್ತು ತಿಂಗಳು ಆಮೇಲೆ ಅಂತ ಒಂಬತ್ತು ಆಸ್ಪತ್ರೆಗಳಲ್ಲಿ ಹೃದಯಾಘಾತದಂಥ ತೊಂದರೆಯಿಂದ ಸೇರಿದವರನ್ನು ಎಣಿಸಿದರು. ಒಟ್ಟು ಶೇ. 17 ಕಡಿಮೆ. ಸೇದುವವರಲ್ಲಿ ಶೇ. 14, ಜನ್ಮದಲ್ಲೇ ಸೇದದವರಲ್ಲಿ ಶೇ. 21! ಇದಕ್ಕೆ ಮೇಲೆ ನಾನೇನು ಹೇಳಲಿ.

ಈಗ ನಾನೂ ಗೆಳೆಯರ ಜೊತೆ ಹೋಗಿ ಕೂರುತ್ತೇನೆ. ಸೇದುವವರು ಎದ್ದಾಗ ಉಳಿದವರ ಜೊತೆ ಮಾತಾಡುತ್ತೇನೆ. ನಿಮ್ಮ ಟೇಬಲ್ಲಿನಲ್ಲಿ ಉಳಿದವರೆಲ್ಲ ಫೋನ್ ನೋಡುತ್ತಾ ಕೂತರೆ ಅದಕ್ಕೆ ಪಾಪ ಸಿಗರೇಟ್ ಏನು ಮಾಡುತ್ತೆ?

ಸಿಂಪಲ್_ಮನುಷ್ಯ:

ಇಷ್ಟೆಲ್ಲ ಯಾಕೆ? ಸಿಗರೇಟ್ ಮಾರೋದನ್ನೇ ನಿಲ್ಲಿಸಲಿ. ಎಲ್ಲರೂ ಬಿಡ್ತಾರೆ, ಎಲ್ಲರೂ ಟೇಬಲ್ಲಿನಲ್ಲೇ ಇರ್ತಾರೆ. ಕಥೆ ಮುಗೀತು.

ಬೆಂಕಿಪೊಟ್ಟಣ:

@ಸಿಂಪಲ್_ಮನುಷ್ಯ ಗುರೂ, ಇಷ್ಟು ದಿನ ಎಲ್ಲಿದ್ದೆ! ಭೂತಾನ್ 2004ರಲ್ಲಿ ಅದನ್ನೇ ಮಾಡಿತು. ಗಡಿಯಾಚೆಯಿಂದ ಕದ್ದು ಬರೋದು ನಿಲ್ಲಲೇ ಇಲ್ಲ. 2021ರಲ್ಲಿ ಅವರೇ ಕಾನೂನು ಬದಲಿಸಿ ಮತ್ತೆ ಮಾರೋಕೆ ಬಿಟ್ಟರು.

ಮೂರನೇ_ಮಹಡಿ:

ಒಳಗಿನವರು, ಹೊರಗಿನವರು ಎಲ್ಲರ ಮಾತೂ ಆಯ್ತು. ಮೇಲಿನವರದ್ದು ಯಾರು ಕೇಳ್ತಾರೆ? ನಮ್ಮ ಮನೆ ಒಂದು ಪಬ್ಬಿನ ಮೇಲಿದೆ. ಮೊದಲು ಸದ್ದೆಲ್ಲ ಗೋಡೆಯೊಳಗೆ ಇರುತ್ತಿತ್ತು, ಈಗ ರಾತ್ರಿ ಎಷ್ಟು ಹೊತ್ತಾದರೂ ನಮ್ಮ ಕಿಟಕಿಯ ಕೆಳಗೆ ಸಭೆ. ಬಾಗಿಲು ತೆಗೆದಾಗಲೆಲ್ಲ ಒಳಗಿನ ಹಾಡು ಒಂದು ಸಾಲು ಕೇಳುತ್ತೆ, ಮುಚ್ಚಿಕೊಳ್ಳುತ್ತೆ, ಮತ್ತೆ ಒಂದು ಸಾಲು. ಪೂರ್ತಿ ಹಾಡಾದರೂ ಕೇಳಿಸಿದ್ದರೆ ನಿದ್ದೆ ಬರುತ್ತಿತ್ತೇನೋ. ಪೊಲೀಸರಿಗೆ ಹೇಳಿದರೆ ಕಾನೂನು ಪ್ರಕಾರ ಅವರು ಹೊರಗೇ ಇದ್ದಾರಲ್ಲ ಅಂತಾರೆ.

ಹೊರಗೆ ಅಂದರೆ ಏನು ಅನ್ನೋದೇ ಒಂದು ಮಜಾ. ಐರ್ಲೆಂಡ್, ಇಂಗ್ಲೆಂಡ್ ಎರಡೂ ಕಡೆ ಚಾವಣಿ ಇದ್ದರೂ ಪರವಾಗಿಲ್ಲ, ಸುತ್ತಲ ಗೋಡೆ ಹೆಚ್ಚುಕಮ್ಮಿ ಅರ್ಧ ತೆರೆದಿರಬೇಕು ಅನ್ನೋ ಲೆಕ್ಕ ಇಟ್ಟರು. ಪಬ್ಬಿನವರು ಟೇಪ್ ಹಿಡಿದು ಅಳೆದು ಶೆಡ್ ಕಟ್ಟಿದರು, ಹೀಟರ್ ಹಾಕಿದರು, ಸೋಫಾ ತಂದಿಟ್ಟರು. ಕೊನೆಗೆ ಒಳಗಿಗಿಂತ ಹೊರಗೇ ಚೆಂದ ಆಯ್ತು. ಮೂಲೆಕುರ್ಚಿಯವರ ಗೆಳೆಯರು ಎದ್ದು ಹೋಗೋದರಲ್ಲಿ ಆಶ್ಚರ್ಯ ಏನಿದೆ?

ಆಮೇಲೆ ತುಂಡುಗಳು. ಸೇದಿ ಬಿಸಾಕಿದ ಮೋಟು ಹತ್ತಿಯಂತೆ ಕಂಡರೂ ಆ ಫಿಲ್ಟರ್ ಒಂಥರಾ ಪ್ಲಾಸ್ಟಿಕ್ಕೇ, ಸೆಲ್ಯುಲೋಸ್ ಅಸಿಟೇಟ್. ಕರಗಲ್ಲ. ಮಳೆ ಬಂದರೆ ಸೀದಾ ಚರಂಡಿಗೆ. ಮೊದಲು ಆಶ್‌ಟ್ರೇಯಲ್ಲಿ ಬೀಳುತ್ತಿದ್ದುದು ಈಗ ನಮ್ಮ ಮೆಟ್ಟಿಲ ಮೇಲೆ ಬೀಳುತ್ತಿದೆ, ಗುಡಿಸೋದು ನಾನು.

@ಬೆಂಕಿಪೊಟ್ಟಣ ಬೀದಿಯಲ್ಲಿ ಬೇಡ ಅನ್ನೋದಕ್ಕೂ ಕಾರಣ ಇದೆ. ಜಪಾನಿನಲ್ಲಿ ಇದು ಉಲ್ಟಾ ನಡೆಯಿತು. ಟೋಕಿಯೋದ ಚಿಯೋಡಾ ವಾರ್ಡಿನಲ್ಲಿ 2002ರಲ್ಲೇ ರಸ್ತೆಯಲ್ಲಿ ಸೇದಿದರೆ ದಂಡ ಅಂದರು. ಜನಜಂಗುಳಿಯಲ್ಲಿ ದೊಡ್ಡವರ ಕೈಯಲ್ಲಿರುವ ಕೆಂಡ ಸರಿಯಾಗಿ ಮಗುವಿನ ಮುಖದ ಎತ್ತರಕ್ಕೆ ಬರುತ್ತೆ. ಹೋಟೆಲ್ಲಿನೊಳಗಿನ ಸೇದಾಟಕ್ಕೆ ದೇಶದ ಕಾನೂನು ಕೈ ಹಾಕಿದ್ದು 2020ರಲ್ಲಿ.

ಬಿಟ್ಟವಳು:

ನಾನು ಎರಡೂ ಕಡೆ ನಿಂತು ನೋಡಿದ್ದೇನೆ, ಅದಕ್ಕೇ ಬರೀತಿದ್ದೀನಿ.

ಸೇದುತ್ತಿದ್ದಾಗ: ಒಳಗೆ ಸೇದುವಾಗ ಗುಂಪಿನಲ್ಲಿ ಒಬ್ಬಳು, ಯಾರೂ ತಿರುಗಿ ನೋಡುತ್ತಿರಲಿಲ್ಲ. ಹೊರಗೆ ಹಾಕಿದ ಮೇಲೆ ಬೀದಿದೀಪದ ಕೆಳಗೆ ನಿಂತಿರುತ್ತೀವಿ. ಹೋಗೋರು ಬರೋರೆಲ್ಲ ನೋಡೋದು. ಪಕ್ಕದಲ್ಲಿ ನಿಂತು ಸೇದುವ ಗಂಡಸರನ್ನಲ್ಲ, ನನ್ನನ್ನು. ಅವರಿಗೆ ಬಾಗಿಲಾಚೆ ಹರಟೆಕಟ್ಟೆ, ನನಗೆ ಪ್ರದರ್ಶನ. ಬೆಂಕಿಪೊಟ್ಟಣ ಅವರು ಹೇಳಿದ ಮಜಾ ಎಲ್ಲರಿಗೂ ಒಂದೇ ಸಮ ಸಿಗಲ್ಲ, ಅದನ್ನೂ ಸ್ವಲ್ಪ ಗಮನಿಸಿ ಅಣ್ಣಾ.

ಬಿಟ್ಟ ಮೇಲೆ: ಸೇದಬೇಕು ಅನ್ನೋ ತುಡಿತ ಬಂದರೂ ಕೆಲವೇ ನಿಮಿಷ, ತಡೆದುಕೊಂಡರೆ ಇಳಿಯುತ್ತೆ. ಕಷ್ಟ ಆಗಿದ್ದು ಅದಲ್ಲ. ಹೊತ್ತಿಗೆ ಸರಿಯಾಗಿ ಟೀಮಿನವರು ಎದ್ದು ನನ್ನ ಕಡೆ ನೋಡಿ, ಆಮೇಲೆ ನೆನಪಾಗಿ ಕಣ್ಣು ತಿರುಗಿಸಿಕೊಂಡು ಹೋಗುತ್ತಿದ್ದರಲ್ಲ, ಅದು. ಒಳ್ಳೇದಕ್ಕೇ ಕರೆಯುತ್ತಿರಲಿಲ್ಲ, ಗೊತ್ತು. ಆದರೂ ಗುಂಪು ಕೈಬಿಟ್ಟ ಹಾಗಿತ್ತು. ಎಷ್ಟೋ ಜನ ಮತ್ತೆ ಶುರು ಮಾಡೋದು ನಿಕೋಟಿನ್‌ಗಿಂತ ಜಾಸ್ತಿ ಈ ಕಾರಣಕ್ಕೆ ಅಂತ ನನ್ನ ಅನಿಸಿಕೆ.

ಆಫೀಸಿನ ಮಟ್ಟಿಗೆ ನಿಜವಾದ ತಪ್ಪು ಎಲ್ಲಿದೆ ಅಂದರೆ, ಸೇದುವವನಿಗೆ ಎದ್ದು ಹೋಗೋಕೆ ಯಾರ ಅಪ್ಪಣೆಯೂ ಬೇಡ. ಸೇದದವಳು ಸುಮ್ನೆ ಹತ್ತು ನಿಮಿಷ ಹೊರಗೆ ನಿಂತರೆ "ಕೆಲಸ ಇಲ್ವಾ" ಅಂತಾರೆ. ಟೋಕಿಯೋದ ಪಿಯಾಲಾ ಅನ್ನೋ ಕಂಪನಿ 2017ರಲ್ಲಿ ಸೇದದವರಿಗೆ ವರ್ಷಕ್ಕೆ 6 ದಿನ ಹೆಚ್ಚುವರಿ ರಜೆ ಕೊಟ್ಟಿತ್ತು. ಅವರ ಆಫೀಸು 29ನೇ ಮಹಡಿಯಲ್ಲಿ, ಸೇದೋಕೆ ಕೆಳಗಿಳಿದು ಹತ್ತಿ ಬರೋದಕ್ಕೇ ಕಾಲು ಗಂಟೆ ಹಿಡಿಯುತ್ತಿತ್ತಂತೆ, ಸೇದದವರು ಗೊಣಗಿದರು. ಲೆಕ್ಕ ಸರಿ ಹೋಯಿತು ನಿಜ. ಆದರೆ ನಿಮ್ಮ ಸಮಸ್ಯೆಗೆ ಅದು ಮದ್ದಲ್ಲ ನೋಡಿ, ರಜೆ ಹಾಕಿ ಮನೆಯಲ್ಲಿ ಕೂತರೆ ಗೇಟಿನ ಹತ್ತಿರದ ಸುದ್ದಿ ಇನ್ನೂ ದೂರ!

ನಾನು ಮಾಡಿದ್ದು ಇಷ್ಟೇ. ಕೈಯಲ್ಲಿ ಸಿಗರೇಟ್ ಇಲ್ಲದೆ ಅವರ ಜೊತೆ ಹೋಗಿ ನಿಂತೆ. ಮೊದಲು ಕಾಲೆಳೆದರು, ಆಮೇಲೆ ಅಭ್ಯಾಸವಾಯ್ತು. ಕೆಲವರು ನನ್ನ ಜೊತೆ ಕಾಂಪೌಂಡಿಗೆ ಒಂದು ಸುತ್ತು ನಡೆಯೋಕೆ ಬಂದರು, ಅವರಲ್ಲಿ ಸೇದದವರೂ ಇದ್ದರು. ಈಗ ಅದೇ ದೊಡ್ಡ ಗುಂಪು.

ಇನ್ನೊಂದು ಹೇಳಬೇಕು. ಪಬ್ಬು, ಹೋಟೆಲ್ಲಿನಲ್ಲಿ ಸೇದೋಕೆ ಬಿಡದಿದ್ದರೆ ಜನ ಮನೆಯಲ್ಲಿ ಸೇದಿ ಮಕ್ಕಳಿಗೆ ಹೊಗೆ ಕುಡಿಸ್ತಾರೆ ಅಂತ ಶುರುವಿನಲ್ಲಿ ಎಲ್ಲ ಕಡೆ ಹೆದರಿಸುತ್ತಿದ್ದರು. ಅದೇ ಸ್ಕಾಟ್ಲೆಂಡಿನಲ್ಲಿ ನೋಡಿದರೆ, ಅಸ್ತಮಾ ಅಂತ ಆಸ್ಪತ್ರೆ ಸೇರುವ ಮಕ್ಕಳು ಕಾನೂನಿಗೆ ಮುಂಚೆ ವರ್ಷಕ್ಕೆ ಶೇ. 5ರಷ್ಟು ಏರುತ್ತಿದ್ದರು, ಆಮೇಲೆ ವರ್ಷಕ್ಕೆ ಶೇ. 18ರಷ್ಟು ಇಳಿದರು. ಹೊರಗೆ ಎದ್ದು ಹೋಗಿ ಸೇದುವ ಅಭ್ಯಾಸ ಆದವರು ಮನೆಯಲ್ಲೂ ಬಾಲ್ಕನಿಗೆ ಎದ್ದು ಹೋಗ್ತಾರೆ. ನಮ್ಮ ಮನೆಯಲ್ಲಿ ನಾನು ಮಾಡಿದ್ದೂ ಅದೇ.

ಮೂಲೆಕುರ್ಚಿ:

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. @ಟ್ರೇ_ಹಿಡಿದವನು ಆ ಬಕೆಟ್ ನೀರು ತಲೆಯಿಂದ ಹೋಗ್ತಾನೇ ಇಲ್ಲ ಮಾರಾಯ. @ಜೇಬಲ್ಲಿ_ಇನ್‌ಹೇಲರ್ ಫೋನಿನ ಮಾತು ಚುಚ್ಚಿತು, ಒಪ್ಪುತ್ತೇನೆ. ಆದರೆ ಗೆಳೆಯರ ಟೇಬಲ್ ಹೇಗೋ ಆಗುತ್ತೆ, ನನಗೆ ಆಫೀಸಿನದ್ದೇ ದೊಡ್ಡ ತಲೆನೋವು. ಅಲ್ಲಿ ನಡೆಯೋಕೆ ಕಾಂಪೌಂಡೂ ಇಲ್ಲ, ಗೇಟಿನ ಪಕ್ಕ ಒಂದು ಕಿರಿದಾದ ಸಂದಿ ಅಷ್ಟೇ, ಅಲ್ಲಿ ಹೋಗಿ ನಿಂತರೆ ಹೊಗೆಯೆಲ್ಲ ನನ್ನ ಮುಖಕ್ಕೇ. ಏನು ಮಾಡಲಿ?

ಬೆಂಕಿಪೊಟ್ಟಣ:

ಬಾರೋ ಗುರು, ಹೆದರಬೇಡ. ಗಾಳಿ ಯಾವ ಕಡೆಯಿಂದ ಬೀಸ್ತಿದೆ ನೋಡಿಕೊಂಡು ಆ ಕಡೆ ನಿಂತ್ಕೊ, ಹೊಗೆ ಬರಲ್ಲ.

ಜೇಬಲ್ಲಿ_ಇನ್‌ಹೇಲರ್:

ಅವರ್ಯಾಕೆ ಗಾಳಿ ನೋಡ್ಕೊಂಡು ಜಾಗ ಬದಲಿಸಬೇಕು? ಹಚ್ಚಿರೋದು ನೀವು, ನೀವೇ ಆ ಕಡೆ ಸರೀರಿ.